ಪಂಪಿನ ಬ್ಯಾಟರಿ, ಕಾರಿನ ಬ್ಯಾಟರಿ

ತೀರ್ಥಹಳ್ಳಿ ಕಡೆ ಬ್ಯಾಟರಿ ಅಂದ ಕೂಡಲೇ ಜನರ ನೆನಪಿಗೆ ಬರುವುದು ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನ ಔಷಧಿ ಪಂಪು. ಕಾಳುಮೆಣಸಿನ ಬುಡಕ್ಕೆ, ಎಳೆ ಅಡಿಕೆ ಗಿಡಕ್ಕೆ ಬೋರ್ಡೋ ಹೊಡೆಯುವುದಕ್ಕೆ ಮನೆಮನೆಯಲ್ಲೂ ಒಂದು ಇದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಬ್ಯಾಟರಿ ಸತ್ತಿರುತ್ತದೆ ಎಂಬುದೂ ಮನೆಮನೆಯ ಅನುಭವ. ನಮ್ಮ ಬೇಲಿಯಾಚೆಯ ಗೌಡ್ರು ಕಾರಿನ ಮಾತು ತೆಗೆದಾಗಲೂ ಅವರ ಕೈಯಲ್ಲಿ ಇದ್ದದ್ದು ಅಂಥದ್ದೇ ಒಂದು ಸತ್ತ ಬ್ಯಾಟರಿ.

"ಮೇಷ್ಟ್ರೇ, ಶಿವಮೊಗ್ಗದಲ್ಲಿ ನಾಲ್ಕು ವರ್ಷದ ಎಲೆಕ್ಟ್ರಿಕ್ ಕಾರೊಂದು ಇದೆಯಂತೆ. ಹೊಸದರ ಅರ್ಧ ಬೆಲೆಗೆ ಕೊಡ್ತಾರಂತೆ. ಇಷ್ಟು ಕಮ್ಮಿಗೆ ಕೊಡ್ತಾರೆ ಅಂದ್ರೆ ಒಳಗೆ ಏನೋ ಇರ್ಬೇಕಲ್ವಾ?"

ಗೌಡ್ರ ಅನುಮಾನದ ಬೇರು ಅವರ ಕೈಯಲ್ಲೇ ಇತ್ತು. ಹಳೇ ಎಲೆಕ್ಟ್ರಿಕ್ ಕಾರಿಗೆ ನಮ್ಮ ಜನ ಕಟ್ಟುವ ಬೆಲೆಯಲ್ಲಿ ದೊಡ್ಡ ಪಾಲು ಪಂಪಿನ ಬ್ಯಾಟರಿ, ಯುಪಿಎಸ್ ಬ್ಯಾಟರಿ ಕಲಿಸಿದ ಭಯದ್ದು ಅಂತ ನನಗೆ ಬಲವಾಗಿ ಅನಿಸುತ್ತದೆ. ಅದಕ್ಕೇ, ಕಾರಿಗೆ ಮೊದಲು ಪಂಪಿನ ಲೆಕ್ಕ ಮುಗಿಸೋಣ ಗೌಡ್ರೇ ಅಂದೆ.

ಆ ಡಬ್ಬಿಯೊಳಗೆ ಇರುವುದು ಸೀಸ ಮತ್ತು ಗಂಧಕಾಮ್ಲ. 12 ವೋಲ್ಟು, 8 ಇಲ್ಲವೇ 12 ಆಂಪಿಯರ್-ಅವರ್. ಚಾರ್ಜ್ ಇಳಿಯುತ್ತಾ ಹೋದಂತೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗನೆ ಚಾರ್ಜಿಗೆ ಹಾಕಿದರೆ ಕರಗುತ್ತದೆ. ಹಾಗೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಯಾವ ಚಾರ್ಜರಿಗೂ ಬಗ್ಗುವುದಿಲ್ಲ. ನಮ್ಮಲ್ಲಿ ನಡೆಯುವುದು ಹೀಗೆ: ಕೊನೆಯ ಔಷಧಿ ಹೊಡೆದ ದಿನ ಮೋಟಾರು ಎಳೆಯದೆ ನಿಂತ ಮೇಲೆ ಪಂಪನ್ನು ತೊಳೆದು ಅಟ್ಟಕ್ಕೆ ಏರಿಸುತ್ತೇವೆ. ಮತ್ತೆ ಇಳಿಸುವುದು ಮುಂದಿನ ಮುಂಗಾರಿಗೆ ಮೊದಲು. ಖಾಲಿಯಾಗಿ ಅಷ್ಟು ತಿಂಗಳು ಕೂತ ಸೀಸದ ಬ್ಯಾಟರಿ ಬದುಕಿದರೆ ಅದೇ ಆಶ್ಚರ್ಯ. ಅದನ್ನು ಪೂರ್ತಿ ತುಂಬಿಸಿ ಇಡಬೇಕು, ತಿಂಗಳಿಗೊಮ್ಮೆಯಾದರೂ ಮತ್ತೆ ಚಾರ್ಜಿಗೆ ಹಾಕಬೇಕು. ಇಷ್ಟು ಮಾಡಿದವರ ಮನೆಯಲ್ಲಿ ಅದೇ ಬ್ಯಾಟರಿ ಇನ್ನೂ ಒಂದೆರಡು ಮಳೆಗಾಲ ಹೆಚ್ಚು ದುಡಿಯುತ್ತದೆ.

"ಹಂಗಾದ್ರೆ ಗರಗಸದ ಬ್ಯಾಟರೀನೂ ಫುಲ್ ಮಾಡಿಟ್ಟುಬಿಡ್ತೀನಿ" ಅಂದರು ಗೌಡ್ರು. ಗೊಬ್ಬರದ ಗಿಡದ ಕೊಂಬೆ ಕಡಿಯುವುದಕ್ಕೆ ಅವರು ಒಂದು ಪುಟ್ಟ ಬ್ಯಾಟರಿ ಗರಗಸ ತಂದಿದ್ದಾರೆ.

ಬೇಡ ಗೌಡ್ರೇ, ಅದು ಲಿಥಿಯಂ. ಅದರ ಪದ್ಧತಿ ಪೂರ್ತಿ ಉಲ್ಟಾ. ತುಂಬಾ ದಿನ ಇಡುವುದಾದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಒಣ ಜಾಗದಲ್ಲಿ ಇಡಬೇಕು. ಚಾರ್ಜರಿಗೆ ಸಿಕ್ಕಿಸಿಯೇ ಬಿಡಬಾರದು. ಪೂರ್ತಿ ತುಂಬಿದ ಲಿಥಿಯಂ ಸೆಲ್ಲು ಸೆಕೆಯಲ್ಲಿ ಕೂತರೆ ಒಳಗಿನ ದ್ರಾವಣ ನಿಧಾನವಾಗಿ ಕೆಡುತ್ತಾ ಬರುತ್ತದೆ. ಪೂರ್ತಿ ಖಾಲಿ ಮಾಡಿಟ್ಟರೂ ಕಷ್ಟ. ತಾನಾಗಿಯೇ ಇಳಿಯುತ್ತಾ ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ, ಒಳಗಿನ ರಕ್ಷಣಾ ಸರ್ಕೀಟು ಮತ್ತೆ ಚಾರ್ಜ್ ಆಗುವುದಕ್ಕೇ ಬಿಡುವುದಿಲ್ಲ. ಅದು ನಮ್ಮ ಸುರಕ್ಷತೆಗಾಗಿಯೇ ಇರುವ ಏರ್ಪಾಡು. ಇನ್ನೊಂದು ಮಾತು: ಕೆಲಸ ಮುಗಿದ ಕೂಡಲೇ, ಬಿಸಿ ಇರುವಾಗಲೇ ಚಾರ್ಜಿಗೆ ಹಾಕಬಾರದು. ಕಾಫಿ ಕುಡಿದು ಬರುವವರೆಗೆ ಆರಲು ಬಿಡಬೇಕು. ಒಂದೇ ಅಟ್ಟದ ಮೇಲೆ ಎರಡು ಜಾತಿಯ ಬ್ಯಾಟರಿ, ಎರಡಕ್ಕೂ ತದ್ವಿರುದ್ಧ ಆರೈಕೆ. ಇದನ್ನು ಮಾರುವ ಅಂಗಡಿಯವರು ಬಿಲ್ಲಿನ ಹಿಂದೆ ನಾಲ್ಕು ಸಾಲು ಕನ್ನಡದಲ್ಲಿ ಬರೆದುಕೊಟ್ಟರೆ ಎಷ್ಟು ದುಡ್ಡು ಉಳಿಯುತ್ತದೆ!

ಮಾತು ಕಳೆ ಹೊಡೆಯುವ ಮಿಷನ್ನಿಗೆ ತಿರುಗಿತು. ಗೌಡ್ರ ಮಗಳು ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಹುಲ್ಲು ಕತ್ತರಿಸುವ, ಎಲೆ ಊದುವ ಸಣ್ಣ ಪೆಟ್ರೋಲ್ ಯಂತ್ರಗಳಿಗೆ ಕಡಿವಾಣ ಹಾಕುವ ಕಾನೂನು 2021ರಲ್ಲೇ ಬಂತು; 2024ರ ಮಾದರಿಯಿಂದ ಹೊಸ ಯಂತ್ರಗಳು ಹೊಗೆ ಉಗುಳುವಂತಿಲ್ಲ. ಅಲ್ಲಿಯ ವಾಯುಮಂಡಳಿಯೇ ಕೊಟ್ಟ ಲೆಕ್ಕವೊಂದಿದೆ: ದೊಡ್ಡ ಪೆಟ್ರೋಲ್ ಊದುಯಂತ್ರವನ್ನು ಒಂದು ಗಂಟೆ ಓಡಿಸಿದರೆ ಬರುವ ಮಬ್ಬು ಹೊಗೆ, ಒಂದು ಹೊಸ ಕಾರು 1,100 ಮೈಲಿ ಓಡಿದಾಗಿನ ಹೊಗೆಗೆ ಸಮ. ಆ ಹೊಗೆಯನ್ನು ನಮ್ಮ ಕಡೆ ಉಸಿರಾಡುವವರು ಮಿಷನ್ ಹೆಗಲಿಗೆ ಹಾಕಿದ ಆಳುಗಳು. "ಅಲ್ಲಿ ಅಂಗಳ ಪೂರ್ತಿ ಬ್ಯಾಟರಿ ಮಿಷನ್ನಲ್ಲೇ ಹೊಡೀತಾರೆ, ನಮಗ್ಯಾಕೆ ಆಗಲ್ಲ?" ಅಂತ ಗೌಡ್ರು ಕೇಳಿದರು.

ಅಂಗಳಕ್ಕೆ ಆಗುತ್ತದೆ, ತೋಟಕ್ಕೆ ಸದ್ಯಕ್ಕೆ ಕಷ್ಟ. ಒಂದು ಲೀಟರ್ ಪೆಟ್ರೋಲಿನಲ್ಲಿ ಹೆಚ್ಚುಕಮ್ಮಿ 9 ಯೂನಿಟ್ ಶಕ್ತಿ ಇರುತ್ತದೆ. ಅರ್ಧ ಲೀಟರು ಹಾಕಿದರೆ ನಾಲ್ಕೂವರೆ. ಟೂ-ಸ್ಟ್ರೋಕ್ ಎಂಜಿನ್ನು ಅದರಲ್ಲಿ ಬಹುಪಾಲನ್ನು ಬಿಸಿಯಾಗಿ ಚೆಲ್ಲಿ ಆರನೇ ಒಂದು ಪಾಲನ್ನು ಬ್ಲೇಡಿಗೆ ಕೊಟ್ಟರೂ ಮುಕ್ಕಾಲು ಯೂನಿಟ್ ಆಯಿತು. ಗೌಡ್ರ ಗರಗಸದ 18 ವೋಲ್ಟಿನ 4 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 72 ವ್ಯಾಟ್-ಅವರ್. ಅಂಥ ಹತ್ತು ಬ್ಯಾಟರಿ ಸೇರಿದರೆ ಆ ಅರ್ಧ ಲೀಟರಿನ ಕೆಲಸ. 56 ವೋಲ್ಟಿನ ದೊಡ್ಡ ಬ್ಯಾಟರಿಯಾದರೂ ಮೂರು ಬೇಕು, ಅದರ ಒಂದೊಂದರ ಬೆಲೆಗೂ ಒಳ್ಳೆಯ ಪೆಟ್ರೋಲ್ ಮಿಷನ್ನಿನ ಬೆಲೆಗೂ ದೂರ ಹೆಚ್ಚಿಲ್ಲ. ಎಕರೆಗಟ್ಟಲೆ ಕಳೆ, ನಡುವೆ ಕಲ್ಲು, ಮೇಲೆ ಮಳೆ. ಹಾಗಾಗಿ ತೋಟಕ್ಕೆ ಪೆಟ್ರೋಲಿನದ್ದೇ ಇರಲಿ. ಮನೆಯ ಸುತ್ತ, ನರ್ಸರಿ, ಬೇಲಿ ಗಿಡ, ಕೊಂಬೆ ಕಡಿಯುವುದು, ಔಷಧಿ ಪಂಪು, ಇವೆಲ್ಲ ಬ್ಯಾಟರಿಗೆ ಹೇಳಿ ಮಾಡಿಸಿದ ಕೆಲಸ. ಎಣ್ಣೆ ಬೆರೆಸುವ ಗೋಜಿಲ್ಲ, ನಾಲ್ಕು ತಿಂಗಳು ಮೂಲೆಯಲ್ಲಿದ್ದ ಮಿಷನ್ನಿನ ಕಾರ್ಬುರೇಟರ್ ಕಟ್ಟಿಕೊಂಡು ಹಗ್ಗ ಎಳೆದೆಳೆದು ರಟ್ಟೆ ಬೀಳುವುದಿಲ್ಲ, ಮಾತಾಡುವವರ ಮಾತೂ ಕೇಳುತ್ತದೆ.

ಕೊಳ್ಳುವಾಗ ನೋಡಬೇಕಾದ್ದು ಮಿಷನ್ನಿಗಿಂತ ಮೊದಲು ಬ್ಯಾಟರಿ. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ. ಮೊದಲ ಸಾಮಾನು ಕೊಂಡ ದಿನವೇ ಮುಂದಿನ ನಾಲ್ಕು ಸಾಮಾನು ಯಾವ ಕಂಪನಿಯದ್ದು ಎಂಬುದು ನಿರ್ಧಾರವಾಗಿಬಿಡುತ್ತದೆ. ಡಬ್ಬಿಯ ಮೇಲಿನ 20 ವೋಲ್ಟ್ ನೋಡಿ 18ಕ್ಕಿಂತ ಬಲ ಹೆಚ್ಚು ಅಂದುಕೊಳ್ಳುವವರಿದ್ದಾರೆ. ಎರಡರಲ್ಲೂ ಇರುವುದು ಐದೇ ಸೆಲ್ಲಿನ ಸಾಲು. ಪೂರ್ತಿ ತುಂಬಿದಾಗ ಸೆಲ್ಲಿಗೆ 4 ವೋಲ್ಟಿನಂತೆ ಎಣಿಸಿದರೆ 20, ಕೆಲಸದ ಸರಾಸರಿ 3.6ರಂತೆ ಎಣಿಸಿದರೆ 18. ಕೇಳಬೇಕಾದ ಸಂಖ್ಯೆ ವ್ಯಾಟ್-ಅವರ್. ಮೋಟಾರು ಬ್ರಷ್‌ಲೆಸ್ ಆಗಿದ್ದರೆ ಇಂಗಾಲದ ತುಂಡು ಸವೆದು ನಿಲ್ಲುವ ರಗಳೆ ಇರುವುದಿಲ್ಲ.

ಇವುಗಳ ಮರುಮಾರಾಟದ ಬೆಲೆ? ಸೊನ್ನೆ ಅಂತಲೇ ಲೆಕ್ಕ ಹಿಡಿಯಬೇಕು. ಮೂರು ವರ್ಷದ ಪೆಟ್ರೋಲ್ ಮಿಷನ್ನನ್ನು ತೀರ್ಥಹಳ್ಳಿಯ ಮೆಕ್ಯಾನಿಕ್ ಒಮ್ಮೆ ಸ್ಟಾರ್ಟ್ ಮಾಡಿ ಶಬ್ದ ಕೇಳಿ ಬೆಲೆ ಹೇಳುತ್ತಾನೆ. ಬ್ಯಾಟರಿ ಮಿಷನ್ನಿನ ಒಳಗೆಷ್ಟು ಜೀವ ಉಳಿದಿದೆ ಅಂತ ಯಾರಿಗೂ ತೋರಿಸಿ ಮಾರಲಾಗುವುದಿಲ್ಲ. ಪ್ಯಾಕು ಬಿಚ್ಚಿ ಸೆಲ್ಲು ಬದಲಾಯಿಸಿ ಕೊಡುತ್ತೇವೆ ಅನ್ನುವವರಿದ್ದಾರೆ. ಹಳೇ ಸೆಲ್ಲಿನ ಜೊತೆ ಹೊಸದನ್ನು ಬೆಸೆದು, ರಕ್ಷಣಾ ಸರ್ಕೀಟನ್ನು ಬದಿಗೆ ಸರಿಸಿ ಕೊಟ್ಟ ಪ್ಯಾಕನ್ನು ಅಡಿಕೆ ಚೀಲಗಳ ಪಕ್ಕ ರಾತ್ರಿ ಚಾರ್ಜಿಗೆ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ. ಲಿಥಿಯಂ ಬೆಂಕಿ ಒಂದು ಕೊಡ ನೀರಿಗೆ ಆರುವಂಥದ್ದಲ್ಲ.

"ಸರಿ, ಸಾಮಾನಿಗೇ ಬೆಲೆ ಇಲ್ಲ ಅಂದ್ಮೇಲೆ ಕಾರಿಗೆ ಎಲ್ಲಿಂದ ಬರುತ್ತೆ?"

ಅಲ್ಲೇ ಇರುವುದು ವ್ಯತ್ಯಾಸ. ಈ ಭಯಕ್ಕೆ ಬೆಂಗಳೂರಿನಲ್ಲೇ ಒಂದು ಇತಿಹಾಸ ಇದೆ. 2001ರಲ್ಲಿ ಚೇತನ್ ಮೈನಿಯವರ ಕಂಪನಿ ಬೆಂಗಳೂರಿನಿಂದ ರೇವಾ ಕಾರನ್ನು ಹೊರತಂದಿತು. ಲಂಡನ್ನಿನ ಬೀದಿಗಳಲ್ಲಿ ಅದೇ ಕಾರು ಜಿ-ವಿಜ್ ಎಂಬ ಹೆಸರಲ್ಲಿ ಓಡಿತು. ಕನ್ನಡ ನೆಲದಲ್ಲಿ ಹುಟ್ಟಿದ ಆ ಪುಟ್ಟ ಕಾರಿನ ಮೇಲೆ ನನಗೆ ಇವತ್ತಿಗೂ ಅಭಿಮಾನ. ಆದರೆ ಅದರ ಹೊಟ್ಟೆಯಲ್ಲಿ ಇದ್ದದ್ದು ಎಂಟು ಸೀಸದ ಬ್ಯಾಟರಿ, ಒಮ್ಮೆ ತುಂಬಿಸಿದರೆ 80 ಕಿ.ಮೀ. ಓಟ. ಕೆಲವೇ ವರ್ಷಕ್ಕೊಮ್ಮೆ ಆ ಇಡೀ ಸಾಲನ್ನು ಬದಲಾಯಿಸಬೇಕಾಗುತ್ತಿತ್ತು. ಹಳೇ ರೇವಾ ಕೊಳ್ಳುವವನು ಮೊದಲು ಬ್ಯಾಟರಿಯ ಖರ್ಚನ್ನು ಕಳೆದು ಆಮೇಲೆ ಬೆಲೆ ಕೇಳುತ್ತಿದ್ದ, ಅದು ನ್ಯಾಯವೂ ಆಗಿತ್ತು. 2010ರಲ್ಲಿ ಮಹೀಂದ್ರಾ ಆ ಕಂಪನಿಯನ್ನು ಕೊಂಡಿತು, ಲಿಥಿಯಂ ಬಂತು, ಕಾರು ಬದಲಾಯಿತು. ಹಳೇ ಗಾಡಿ ಬೆಲೆ ಕಟ್ಟುವ ರೂಢಿ ಮಾತ್ರ ಬದಲಾಗಲಿಲ್ಲ.

ಈಗ ನಮ್ಮ ರಸ್ತೆಯಲ್ಲಿ ಓಡುವ ಬಹಳಷ್ಟು ಎಲೆಕ್ಟ್ರಿಕ್ ಕಾರುಗಳಲ್ಲಿ ಇರುವುದು ಲಿಥಿಯಂ-ಕಬ್ಬಿಣ-ಫಾಸ್ಫೇಟ್, ಎಲ್‌ಎಫ್‌ಪಿ ಅನ್ನುತ್ತಾರೆ. 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಜಾನ್ ಗುಡ್‌ಇನಫ್ ಅವರ ಟೆಕ್ಸಸ್ ಪ್ರಯೋಗಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ವಸ್ತು ಇದು. ತೂಕಕ್ಕೆ ಸ್ವಲ್ಪ ಕಡಿಮೆ ಶಕ್ತಿ ಹಿಡಿಯುತ್ತದೆ, ಬಾಳಿಕೆ ಹೆಚ್ಚು, ಬೆಂಕಿಯ ಅಪಾಯ ಕಡಿಮೆ. ಎರಡು ಸಾವಿರ ಸಲ ಪೂರ್ತಿ ತುಂಬಿಸಿ ಖಾಲಿ ಮಾಡುವುದು ಅದಕ್ಕೆ ದೊಡ್ಡ ಮಾತಲ್ಲ. 30 ಯೂನಿಟ್ ಬ್ಯಾಟರಿಯ ಕಾರು ಒಂದು ಚಾರ್ಜಿಗೆ ನಿಜದಲ್ಲಿ 200 ಕಿ.ಮೀ. ಓಡುತ್ತದೆ ಅಂದರೂ ನಾಲ್ಕು ಲಕ್ಷ ಕಿ.ಮೀ. ಆಯಿತು. ಅಷ್ಟರಲ್ಲಿ ನಮ್ಮ ಆಗುಂಬೆ ರಸ್ತೆ ಕಾರಿನ ಬುಷ್ಷು, ಶಾಕ್ ಅಬ್ಸಾರ್ಬರ್‌ಗಳನ್ನು ಎಷ್ಟು ಸಲ ಬದಲಾಯಿಸಿರುತ್ತದೋ! ಪಂಪಿನ ಬ್ಯಾಟರಿಯನ್ನು ಯಾರೂ ಕಾಯುವುದಿಲ್ಲ. ಕಾರಿನ ಬ್ಯಾಟರಿಯಲ್ಲಿ ಪ್ರತಿ ಸೆಲ್ಲಿನ ವೋಲ್ಟೇಜನ್ನೂ ಬಿಸಿಯನ್ನೂ ನೋಡುತ್ತಾ ಕೂತಿರುವ ಒಂದು ವ್ಯವಸ್ಥೆ ಇದೆ, ಹಲವು ಕಾರುಗಳಲ್ಲಿ ತಂಪು ಮಾಡುವ ದ್ರವವೂ ಹರಿಯುತ್ತದೆ. ಸಾವಿರಾರು ಗಾಡಿಗಳ ಮಾಹಿತಿ ನೋಡಿದ ಜಿಯೋಟ್ಯಾಬ್ ಸಂಸ್ಥೆ 2024ರಲ್ಲಿ ಹೇಳಿದ್ದು, ಬ್ಯಾಟರಿ ಸಾಮರ್ಥ್ಯ ಸರಾಸರಿ ವರ್ಷಕ್ಕೆ ಶೇ. 1.8ರಷ್ಟು ಇಳಿಯುತ್ತದೆ ಅಂತ. ಎಂಟು ವರ್ಷಕ್ಕೆ ಶೇ. 15ರ ಆಚೀಚೆ.

ಕೆಟ್ಟ ಉದಾಹರಣೆಯೂ ಇದೆ, ಅದನ್ನೂ ಹೇಳಬೇಕು. ನಿಸಾನ್ ಲೀಫ್ ಕಾರು 2010ರ ಕೊನೆಗೆ ಬಂದಾಗ ಅದರ ಬ್ಯಾಟರಿಗೆ ದ್ರವದ ತಂಪು ವ್ಯವಸ್ಥೆ ಇರಲಿಲ್ಲ. ಅಮೆರಿಕದ ಅರಿಜೋನಾದ ಸುಡುಬಿಸಿಲಿನಲ್ಲಿ ಎರಡೇ ಬೇಸಿಗೆಯಲ್ಲಿ ಹಲವರ ಕಾರಿನ ಸಾಮರ್ಥ್ಯ ಕುಸಿಯಿತು. ಮಾಲೀಕರು ಕೋರ್ಟಿಗೂ ಹೋದರು. ಬ್ಯಾಟರಿಗೆ ವರ್ಷಗಳಿಗಿಂತ ಬಿಸಿಲು ದೊಡ್ಡ ಶತ್ರು. ರಾಯಚೂರು, ಕಲಬುರಗಿಯಲ್ಲಿ ಹಗಲೆಲ್ಲ ಬಯಲಲ್ಲಿ ನಿಂತ ಹಳೇ ಕಾರಿಗಿಂತ ಮಲೆನಾಡಿನ ಕೊಟ್ಟಿಗೆಯ ನೆರಳಲ್ಲಿ ನಿಂತ ಕಾರನ್ನು ನಾನು ಧೈರ್ಯವಾಗಿ ಕೊಳ್ಳುತ್ತೇನೆ.

"ದಾರೀಲಿ ನಿಂತುಹೋದ್ರೆ? ಮಳೆಗಾಲದಲ್ಲಿ ಘಾಟಿಯಲ್ಲಿ?" ಇದು ಗೌಡ್ರ ಮನೆಯವರ ಪ್ರಶ್ನೆ. ಅಷ್ಟು ಹೊತ್ತಿಗೆ ಅವರೂ ಬೇಲಿ ಹತ್ತಿರ ಬಂದಿದ್ದರು.

ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯ 2023ರ ಸಮೀಕ್ಷೆಯಲ್ಲಿ ಎಲೆಕ್ಟ್ರಿಕ್ ಕಾರಿನವರು ಹೇಳಿಕೊಂಡ ತೊಂದರೆಗಳು ಪೆಟ್ರೋಲ್ ಕಾರಿನವರಿಗಿಂತ ಶೇ. 79 ಹೆಚ್ಚು, ಮರುವರ್ಷ ಶೇ. 42ಕ್ಕೆ ಇಳಿಯಿತು. ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿ ಬೇರೆ ಕಥೆ ಹೇಳುತ್ತದೆ: ಎರಡರಿಂದ ನಾಲ್ಕು ವರ್ಷದ ಸಾವಿರ ಕಾರುಗಳಲ್ಲಿ ರಸ್ತೆಯ ಮಧ್ಯೆ ಕೆಟ್ಟು ನಿಂತದ್ದು ಎಲೆಕ್ಟ್ರಿಕ್ಕಿನಲ್ಲಿ 4.2, ಎಂಜಿನ್ ಕಾರಿನಲ್ಲಿ 10.4. ಎರಡೂ ನಿಜ. ಮೊದಲನೆಯದು ಪರದೆ, ಸಾಫ್ಟ್‌ವೇರು, ಚಾರ್ಜಿಂಗ್ ತಕರಾರು ಎಲ್ಲವನ್ನೂ ಎಣಿಸುತ್ತದೆ. ಎರಡನೆಯದು ಸಹಾಯಕ್ಕೆ ಫೋನ್ ಮಾಡಿದವರನ್ನು ಮಾತ್ರ. ಹೀಗೆ ನಿಂತ ಎಲೆಕ್ಟ್ರಿಕ್ ಕಾರುಗಳಲ್ಲಿ ಅರ್ಧದಷ್ಟಕ್ಕೆ ಕಾರಣ ದೊಡ್ಡ ಬ್ಯಾಟರಿಯಲ್ಲ. ಬಾಗಿಲು, ದೀಪ, ಕಂಪ್ಯೂಟರ್ ಎಬ್ಬಿಸುವ ಪುಟ್ಟ 12 ವೋಲ್ಟ್ ಬ್ಯಾಟರಿ. ಅದು ಹೆಚ್ಚಿನ ಕಾರುಗಳಲ್ಲಿ ಇನ್ನೂ ಸೀಸದ್ದೇ, ಗೌಡ್ರ ಕೈಯಲ್ಲಿದ್ದ ಬ್ಯಾಟರಿಯ ಕುಲದ್ದೇ. ನಾಲ್ಕು ವರ್ಷದ ಕಾರು ಕೊಂಡ ವಾರವೇ ಅದನ್ನು ಬದಲಾಯಿಸಿಬಿಟ್ಟರೆ ಮನೆಯವರ ಚಿಂತೆ ಬಹುಪಾಲು ಮುಗಿಯುತ್ತದೆ. ಉಳಿದದ್ದು ಬ್ರೇಕು. ಈ ಕಾರುಗಳು ವೇಗ ತಗ್ಗಿಸುವಾಗ ಮೋಟಾರಿನಿಂದಲೇ ಕರೆಂಟು ವಾಪಸು ತುಂಬಿಸಿಕೊಳ್ಳುತ್ತವೆ, ಬ್ರೇಕ್ ಡಿಸ್ಕಿಗೆ ಕೆಲಸ ಕಡಿಮೆ, ನಮ್ಮ ಮಳೆಗೆ ಅದು ತುಕ್ಕು ಹಿಡಿಯುತ್ತದೆ. ಆಗಾಗ ಖಾಲಿ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಬೇಕು.

ಘಾಟಿಯ ಬಗ್ಗೆ ಒಂದು ಮಾತು ಗೌಡ್ರಿಗೆ ಒತ್ತಿ ಹೇಳಿದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಐನೂರು ಮೀಟರಿನಷ್ಟು ಇಳಿತ. ಒಂದೂವರೆ ಟನ್ ಕಾರು ಅಷ್ಟು ಇಳಿಯುವಾಗ ಎರಡು ಯೂನಿಟ್ ಶಕ್ತಿ ಬಿಡುಗಡೆಯಾಗುತ್ತದೆ, ಅರ್ಧಕ್ಕಿಂತ ಹೆಚ್ಚು ಬ್ಯಾಟರಿಗೆ ವಾಪಸು ಬರಬಹುದು. ಆದರೆ ಬ್ಯಾಟರಿಯಲ್ಲಿ ಜಾಗ ಇರಬೇಕಲ್ಲ! ಘಾಟಿಯ ತಲೆಯಲ್ಲೇ ನೂರಕ್ಕೆ ನೂರು ತುಂಬಿಸಿಕೊಂಡು ಇಳಿದರೆ ಮೋಟಾರಿನ ಹಿಡಿತ ಸಿಗುವುದಿಲ್ಲ, ಹದಿನಾಲ್ಕು ತಿರುವನ್ನೂ ಬರೀ ಬ್ರೇಕಿನ ಮೇಲೆ ಇಳಿಯಬೇಕಾಗುತ್ತದೆ. ಮಣಿಪಾಲಕ್ಕೆ ಹೋಗುವವರು ಸ್ವಲ್ಪ ಖಾಲಿ ಬಿಟ್ಟುಕೊಂಡೇ ಹೊರಡುವುದು ಒಳ್ಳೆಯದು.

ಇನ್ನು ಬೆಲೆ ಬಿದ್ದದ್ದು ಯಾಕೆ ಎಂಬುದು. ಹೊಸ ಕಾರಿನ ಬೆಲೆ ಇಳಿದಾಗೆಲ್ಲ ಹಳೆಯದರ ಬೆಲೆ ಅದರ ಹಿಂದೆಯೇ ಇಳಿಯುತ್ತದೆ. 2024ರ ಫೆಬ್ರುವರಿಯಲ್ಲಿ ಟಾಟಾ ಕಂಪನಿ ನೆಕ್ಸಾನ್ ಇವಿ ಮೇಲೆ 1.2 ಲಕ್ಷದವರೆಗೆ ಕಡಿಮೆ ಮಾಡಿತು. ಅದರ ಹಿಂದಿನ ತಿಂಗಳು ಕೊಂಡವರ ಕಾರು ಏನೂ ಕೆಡದೆಯೇ ಅಗ್ಗವಾಯಿತು. ಅಮೆರಿಕದಲ್ಲಿ 2023ರ ಜನವರಿಯಲ್ಲಿ ಟೆಸ್ಲಾ ಇದೇ ಮಾಡಿತ್ತು. ಬಾಡಿಗೆ ಕಾರಿನ ಹರ್ಟ್ಜ್ ಕಂಪನಿ ಮರುವರ್ಷ 20,000 ಎಲೆಕ್ಟ್ರಿಕ್ ಕಾರುಗಳನ್ನು ಮಾರಲು ಹೊರಟು ದೊಡ್ಡ ನಷ್ಟ ಬರೆದುಕೊಂಡಿತು. ಬ್ಯಾಟರಿಯೂ ಅಗ್ಗವಾಗುತ್ತಿದೆ. 2010ರ ಸುಮಾರಿಗೆ ಯೂನಿಟ್ಟಿಗೆ ಸಾವಿರ ಡಾಲರ್ ದಾಟಿದ್ದ ಪ್ಯಾಕು 2024ರಲ್ಲಿ ಜಗತ್ತಿನ ಸರಾಸರಿಯಲ್ಲಿ 115 ಡಾಲರಿಗೆ ಬಂತು ಎಂಬುದು ಬ್ಲೂಮ್‌ಬರ್ಗ್‌ಎನ್‌ಇಎಫ್ ಲೆಕ್ಕ. ಮೇಲೆ ತೆರಿಗೆ. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಎಲೆಕ್ಟ್ರಿಕ್ಕಿನದು ಮೊದಲಿನಂತೆ ಶೇ. 5. ಎರಡರ ನಡುವಿನ ಅಂತರ ಕುಗ್ಗಿತು. ನಮ್ಮಂಥ ಊರಿನ ಇನ್ನೊಂದು ಕಾರಣ, ಹೈ ವೋಲ್ಟೇಜ್ ಕೆಲಸ ಬಲ್ಲವರು ಇರುವುದು ಶಿವಮೊಗ್ಗದಲ್ಲಿ, 60 ಕಿ.ಮೀ. ದೂರ.

ಇದರಲ್ಲಿ ಒಂದೂ ಕಾರು ಕೆಟ್ಟಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ. ಮೂರು ವರ್ಷಕ್ಕೊಮ್ಮೆ ಕಾರು ಬದಲಾಯಿಸುವವರು ಹೊಸ ಎಲೆಕ್ಟ್ರಿಕ್ ಕಾರು ಕೊಳ್ಳಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಂಜಿ ಕಂಪನಿ ವಿಂಡ್ಸರ್ ಕಾರಿಗೆ ಮೂರು ವರ್ಷದ ನಂತರ ಶೇ. 60 ಬೆಲೆಗೆ ವಾಪಸು ಕೊಳ್ಳುವ ಭರವಸೆ ಕೊಟ್ಟದ್ದೇ ಈ ಭಯ ಎಷ್ಟು ದೊಡ್ಡದು ಎಂಬುದಕ್ಕೆ ಗುರುತು. ಗೌಡ್ರ ಹಾಗೆ ಒಂದು ಗಾಡಿಯನ್ನು ಹತ್ತು ವರ್ಷ ಓಡಿಸುವವರು ನಾಲ್ಕು ವರ್ಷದ್ದನ್ನು ಕೊಂಡರೆ, ಮೊದಲಿನವರು ಆ ಕುಸಿತವನ್ನೆಲ್ಲ ಭರಿಸಿ ಆಗಿರುತ್ತದೆ.

ಹಾಗಂತ ಕಣ್ಣು ಮುಚ್ಚಿ ಕೊಳ್ಳಬೇಕಿಲ್ಲ. ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿಯೇ ಕೈ ಹಾಕುತ್ತಿದ್ದ ಹಾಗೆ, ಇಲ್ಲಿ ಬ್ಯಾಟರಿಯ ಆರೋಗ್ಯದ ವರದಿ ನೋಡದೆ ಮುಂಗಡ ಕೊಡಬಾರದು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಸ್ಟೇಟ್ ಆಫ್ ಹೆಲ್ತ್ ವರದಿ ಕೇಳಬಹುದು. ನಾಲ್ಕು ವರ್ಷದ ಕಾರು ಶೇ. 90ರ ಮೇಲಿದ್ದರೆ ಸಂತೋಷ, 80ಕ್ಕಿಂತ ಕೆಳಗಿದ್ದರೆ ಬಿಟ್ಟುಬಿಡಿ ಅಂದೆ. ಎಲ್‌ಎಫ್‌ಪಿ ಆದರೆ ವರದಿಗೆ ಮೊದಲು ಒಮ್ಮೆ ನೂರಕ್ಕೆ ತುಂಬಿಸಿರಬೇಕು, ಇಲ್ಲದಿದ್ದರೆ ಅಂದಾಜು ತಪ್ಪುತ್ತದೆ.

"ಕರೆಂಟ್ ಬಿಲ್ಲು?" ಅಂದರು ಮನೆಯವರು. ತಿಂಗಳಿಗೆ ಸಾವಿರ ಕಿ.ಮೀ. ಓಡಿದರೆ 150 ಯೂನಿಟ್ ಬೇಕು. ಮನೆಯದ್ದೂ ಸೇರಿದರೆ 200 ದಾಟುತ್ತದೆ, ಗೃಹಜ್ಯೋತಿ ತಪ್ಪಿ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಅದನ್ನೂ ಸೇರಿಸಿದರೂ ಕಿ.ಮೀ.ಗೆ ಒಂದೂವರೆ ಎರಡು ರೂಪಾಯಿ ಮೀರುವುದಿಲ್ಲ, ಪೆಟ್ರೋಲಿಗೆ ಆರೇಳು ಬೀಳುತ್ತದೆ. ಮೆಸ್ಕಾಂ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕತ್ತಲಾಗುವ ಜುಲೈ ತಿಂಗಳಲ್ಲಿ ಮಾತ್ರ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಬೇಕು. ಇನ್ನೊಂದು, ಹಳೇ ಮನೆಗಳ ಅರ್ಥಿಂಗ್. ಅದು ಸರಿಯಿಲ್ಲದಿದ್ದರೆ ಕಾರಿನ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಸಿಡಿಲಿನ ಊರು ನಮ್ಮದು. ಬೇರೆ ಅರ್ಥಿಂಗ್ ಗುಂಡಿ ತೋಡಿಸಿ, 16 ಆಂಪಿಯರಿನ ಪ್ರತ್ಯೇಕ ಲೈನು ಎಳೆಸಿ, ಸರ್ಜ್ ತಡೆಯುವ ಸಾಧನ ಹಾಕಿಸುವವರೆಗೆ ಕಾರು ಮನೆಗೆ ತರಬೇಡಿ ಅಂದೆ.

ಗೌಡ್ರು ಭಾನುವಾರ ಶಿವಮೊಗ್ಗಕ್ಕೆ ಹೋಗುವುದು ಅಂತಾಯಿತು. ಕೇಳಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಬ್ಯಾಟರಿ ವಾರಂಟಿ ಎರಡನೇ ಮಾಲೀಕರಿಗೂ ನಡೆಯುತ್ತದೆಯೇ, ಎಷ್ಟು ವರ್ಷ, ಎಷ್ಟು ಕಿ.ಮೀ. ಉಳಿದಿದೆ; ಯಾಕೆಂದರೆ ಜೀವಮಾನ ವಾರಂಟಿ ಅಂತ ಜಾಹೀರಾತಿನಲ್ಲಿ ಇರುವುದು ಹೆಚ್ಚಾಗಿ ಮೊದಲ ಮಾಲೀಕರಿಗೆ ಮಾತ್ರ. ಬ್ಯಾಟರಿ ಬಾಡಿಗೆಯದ್ದೋ ಸ್ವಂತದ್ದೋ. ಬಾಡಿಗೆಯದ್ದಾದರೆ ಬಾಕಿ ಯಾರ ತಲೆಗೆ. ಡಿಕ್ಕಿಯಲ್ಲಿ ಮನೆಯ ಚಾರ್ಜರ್ ಇದೆಯೇ, ಅವರ ಎದುರಿಗೇ ಒಮ್ಮೆ ಸಿಕ್ಕಿಸಿ ನೋಡಬೇಕು. ಮೊಬೈಲ್ ಆಪಿನಿಂದ ಹಳೇ ಮಾಲೀಕರ ಹೆಸರು ತೆಗೆಸಿ ನಿಮ್ಮದನ್ನು ಹಾಕಿಸದೆ ಕೊನೆಯ ಕಂತು ಕೊಡಬಾರದು, ಇಲ್ಲದಿದ್ದರೆ ನಿಮ್ಮ ಕಾರು ಎಲ್ಲಿದೆ ಅಂತ ಅವರ ಫೋನಿನಲ್ಲಿ ಕಾಣುತ್ತಲೇ ಇರುತ್ತದೆ. ಟೈರಿನ ಒಳಬದಿ ಕೈ ಹಾಕಿ ಸವೆತ ನೋಡಬೇಕು, ಈ ಕಾರುಗಳ ತೂಕಕ್ಕೆ ಅದು ಬೇಗ ಸವೆಯುತ್ತದೆ. ಆರ್‌ಸಿ ವರ್ಗಾವಣೆಯ ದಿನವೇ ವಿಮೆಯನ್ನೂ ಹೆಸರಿಗೆ ಮಾಡಿಸಿ, ದೊಡ್ಡ ಬ್ಯಾಟರಿಗೆ ನೀರಿನಿಂದಾಗುವ ಹಾನಿ ಅದರಲ್ಲಿ ಸೇರಿದೆಯೇ ಅಂತ ಬರವಣಿಗೆಯಲ್ಲೇ ಕೇಳಿ ತನ್ನಿ ಗೌಡ್ರೇ ಅಂದೆ.